ಪೂರ್ವದ ಸಾಲಿನ ಏಳು ಮರ

ಜಮೀನು ಕೊಳ್ಳುವ ಮೊದಲು ಓದಿದಷ್ಟನ್ನು ನಾನು ಎಂ.ಎ. ಪರೀಕ್ಷೆಗೂ ಓದಿರಲಿಲ್ಲ. ಪಹಣಿ, ಹಳೆಯ ಕ್ರಯಪತ್ರ, ಋಣಭಾರ ಪತ್ರ, ನಕ್ಷೆ ಎಲ್ಲವನ್ನೂ ಒಂದು ಫೈಲಿಗೆ ಸೇರಿಸಿ, ಅನುಮಾನ ಬಂದಲ್ಲೆಲ್ಲ ಕೆಂಪು ಗೆರೆ ಎಳೆದಿದ್ದೆ. ಶೆಟ್ಟಿಕೆರೆ ಹತ್ತಿರ ಒಂದೆಕರೆ ತೆಂಗಿನ ತೋಟ. ಕೊಂಡು, ಆರೇಳು ವರ್ಷ ಇಟ್ಟುಕೊಂಡು, ಒಳ್ಳೆ ಬೆಲೆ ಬಂದಾಗ ಮಾರಬೇಕೆಂದಿದ್ದೆ. ನಾನೂ ಹೆಂಡತಿಯೂ ಸಂಬಳದಲ್ಲಿ ಕೂಡಿಟ್ಟದ್ದೆಲ್ಲ ಅದಕ್ಕೇ ಹೋಗುವುದಿತ್ತು. ಎಡವಿದರೆ ಎರಡನೇ ಸಲ ಕೂಡಿಡುವ ವಯಸ್ಸು ನಮ್ಮದಲ್ಲ.

ಭಾನುವಾರ ಮಧ್ಯಾಹ್ನ ಅಡ್ವಾನ್ಸ್ ಕೊಡುವ ಮಾತಾಗಿತ್ತು. ಬೆಳಿಗ್ಗೆ, ತಿಪಟೂರಿನಲ್ಲಿ ಬೈಕ್ ರಿಪೇರಿ ಮಾಡುವ ನನ್ನ ಹೈಸ್ಕೂಲು ಗೆಳೆಯನಿಗೆ ಫೈಲು ತೋರಿಸಲು ಹೋದೆ. ಅವನು ಎಣ್ಣೆಗೈ ಒರೆಸಿಕೊಂಡನೇ ಹೊರತು ಫೈಲು ಮುಟ್ಟಲಿಲ್ಲ.

"ತೋಟಾನ ಎಷ್ಟ್ ಸಲ ನೋಡಿದ್ದೀಯಲಾ?"

"ಎರಡು ಸಲ. ಮಾರೋರೇ ಕರ್ಕೊಂಡೋಗಿ ತೋರ್ಸಿದ್ರು."

"ಹೆಣ್ ನೋಡೋಕೋದೋನಂಗೆ ಉಪ್ಪಿಟ್ ತಿನ್ಕೊಂಡ್ ಬಂದಿದ್ದೀಯ ಅನ್ನು. ಮಾರೋರು ಇಲ್ದಾಗ ಹೋಗ್ಬೇಕು ಕಣ್ಲಾ. ಹತ್ತು ಗಾಡಿ."

ತೋಟದಲ್ಲಿ ಯಾರೂ ಇರಲಿಲ್ಲ. ಹಿಂದಿನ ದಿನದ ಗಾಳಿಗೆ ಅಲ್ಲಲ್ಲಿ ಕಾಯಿ ಉದುರಿದ್ದವು. ನಾನು ನಕ್ಷೆ ಬಿಚ್ಚಿ ದಿಕ್ಕು ಹುಡುಕುತ್ತಿದ್ದೆ. ಅವನು ಬದುವಿನ ಮೇಲೆ ಕುಳಿತು ಸುಮ್ಮನೆ ನೋಡುತ್ತಿದ್ದ. ಅಷ್ಟರಲ್ಲಿ ಪಕ್ಕದ ತೋಟದಿಂದ ಮಂಕರಿ ಹಿಡಿದು ಒಬ್ಬ ಅಜ್ಜಿ ಬಂದರು. ನೇರವಾಗಿ ನಮ್ಮ, ಅಂದರೆ ನಮ್ಮದಾಗಲಿದ್ದ, ಪೂರ್ವದ ಸಾಲಿಗೆ ನುಗ್ಗಿ ಕಾಯಿ ಆಯತೊಡಗಿದರು. ಏಳು ಮರಗಳಲ್ಲಿ ಒಂದರ ಬುಡವನ್ನೂ ಬಿಡಲಿಲ್ಲ. ಎರಡನೇ ಸಾಲಿನ ಕಡೆ ತಿರುಗಿಯೂ ನೋಡಲಿಲ್ಲ.

"ಅಜ್ಜೀ, ಈ ಕಾಯಿ ಯಾರ್ದು?"

ಹಾಗೆ ಕೇಳಿದ್ದು ನಾನೇ ಎಂದು ಬಹಳ ದಿನ ಹೇಳಿಕೊಂಡು ತಿರುಗಿದ್ದೇನೆ. ಗೆಳೆಯ ತಾನು ಕೇಳಿದ್ದು ಎನ್ನುತ್ತಾನೆ. ನಾನಾಗ ನಕ್ಷೆಯನ್ನು ತಲೆಕೆಳಗಾಗಿ ಹಿಡಿದಿದ್ದೆನಂತೆ. ಇರಬಹುದು.

"ಯಾರ್ದು ಅಂದ್ರೆ? ಸಸಿ ಇಟ್ಟೋಳು ನಮ್ಮತ್ತೆ, ನೀರ್ ಹೊತ್ತೋಳು ನಾನು. ನೀವ್ಯಾರಪ್ಪ?"

"ತೋಟ ಕೊಂಡ್ಕೊಳ್ಳೋನು ಇವ್ನು ಕಣಜ್ಜಿ," ಗೆಳೆಯ ನನ್ನ ಕಡೆ ಕೈ ತೋರಿಸಿದ.

"ಕೊಂಡ್ಕೊಳ್ಳಿ, ಬ್ಯಾಡ ಅಂದೋರ್ಯಾರು? ಈ ಸಾಲ್ ಬುಟ್ಟು ಕೊಂಡ್ಕೊಳ್ಳಿ."

ಅಡ್ವಾನ್ಸ್ ಅಲ್ಲಿಗೇ ನಿಂತಿತು. ಮಾರುವವರನ್ನು ಕೇಳಿದರೆ, "ಅದು ಬಾಯಿಮಾತ್ ಕಣ್ರೀ. ನಮ್ಮಪ್ಪ ಯಾವ್ದೋ ಕಾಲ್ದಲ್ಲಿ ಇಟ್ಕೊಳ್ಳಿ ಅಂದಿದ್ದು. ಪಹಣೀಲಿ ಬರ್ದೈತಾ ನೋಡಿ" ಎಂದರು. ಬರೆದಿರಲಿಲ್ಲ. ಅಳತೆ ಮಾಡಿಸಿದೆ. ಗೆರೆ ಸಾಲಿನ ಆಚೆಗೇ ಬಿತ್ತು. ಕಾಗದದ ಪ್ರಕಾರ ಏಳೂ ಮರ ನನಗೇ ಬರಬೇಕು. ಖುಷಿಯಿಂದ ಗೆಳೆಯನಿಗೆ ಫೋನ್ ಮಾಡಿದೆ.

"ನಮ್ ಅಬ್ಬಾ ಹೇಳ್ತಿದ್ರು, ತೋಟ ತಗೊಂಡ್ರೆ ಅಕ್ಕಪಕ್ಕದೋರ್ನೂ ತಗೊಂಡಂಗೆ ಅಂತ. ನಾಳೆ ನೀನು ಮಾರೋವಾಗ ಆ ಅಜ್ಜಿ ಮಂಕರಿ ಹಿಡ್ಕೊಂಡ್ ಬಂದ್ರೆ, ನೋಡೋಕ್ ಬಂದೋನು ಹಂಗೇ ಗಾಡಿ ತಿರುಗಿಸ್ತಾನೆ. ಯೋಚ್ನೆ ಮಾಡ್ಲಾ."

ಮಾಡಿದೆ. ಸಾಲು ನಿಂತ ಐದು ಗುಂಟೆಯನ್ನು ಅಜ್ಜಿಯ ಹೆಸರಿಗೆ ಬರೆದುಕೊಟ್ಟ ಮೇಲೆಯೇ ಅಡ್ವಾನ್ಸ್ ಎಂದು ಮಾರುವವರಿಗೆ ಹೇಳಿದೆ. ಗೊಣಗಿದರು, ಒಂದು ತಿಂಗಳು ಫೋನ್ ಎತ್ತಲಿಲ್ಲ, ಕೊನೆಗೆ ಒಪ್ಪಿದರು. ಉಳಿದ ಮೂವತ್ತೈದು ಗುಂಟೆ ನಮ್ಮ ಹೆಸರಿಗೆ ನೋಂದಣಿಯಾಯಿತು.

ನ್ಯಾಯ ಕಂಡು ಬಿಟ್ಟುಕೊಟ್ಟೆ ಎಂದು ಇಲ್ಲಿ ಮೊದಲು ಬರೆದಿದ್ದೆ. ಅದನ್ನು ಓದಿ ಹೆಂಡತಿ ನಕ್ಕಳು. "ನ್ಯಾಯ ಅಲ್ಲ ಕಣ್ರೀ. ಕೋರ್ಟು ಅಂದ್ರೆ ನಿಮ್ಗೆ ಜ್ವರ ಬತ್ತಿತ್ತು. ಬುಟ್ಬುಡಿ ಅಂದಿದ್ದು ನಾನು."

ಜ್ವರ ನನಗೆ ನೆನಪಿಲ್ಲ. ಕ್ರಯಪತ್ರಕ್ಕೆ ಸಹಿ ಹಾಕುವಾಗ ಕೆಂಪು ಗೆರೆ ಎಳೆಯುವಂಥ ಅನುಮಾನ ಒಂದೂ ಉಳಿದಿರಲಿಲ್ಲ ಎಂಬುದು ನೆನಪಿದೆ. ಅದನ್ನು ಅವಳೂ ಒಪ್ಪುತ್ತಾಳೆ.