ನಾನೀಗ ಸುಮ್ನಿರ್ತೀನಿ

ನಮ್ಮ ಇತಿಹಾಸದ ಮೇಡಂ ತರಗತಿಗೆ ಬಂದಾಗ ಸೆರಗಿನ ತುಂಬ ತೆಂಗಿನ ನಾರಿನ ಎಳೆಗಳು ಅಂಟಿರುತ್ತಿದ್ದವು. ಬೆಳಗ್ಗೆ ಅಟ್ಟ ಹತ್ತಿ, ಕೊಬ್ಬರಿಗೆಂದು ಕೂಡಿಟ್ಟ ಕಾಯಿಗಳನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೇ ಎಂದು ಕೇಳಿಯೇ ಅವರು ಮಾಯಸಂದ್ರದ ನಮ್ಮ ಶಾಲೆಗೆ ಬಸ್ಸು ಹಿಡಿಯುತ್ತಿದ್ದುದು. ನಮ್ಮನ್ನೂ ಹಾಗೇ ಅಲ್ಲಾಡಿಸಿ ನೋಡುತ್ತಿದ್ದರು.

ಎರಡು ಸಾವಿರದ ಇಸವಿಯ ಆಸುಪಾಸು. ಶಾಲೆಗೆ ಒಂದೇ ಒಂದು ಕಂಪ್ಯೂಟರ್ ಬಂದಿತ್ತು, ಜೊತೆಗೊಂದು ಸಿ.ಡಿ. ಅದರೊಳಗೆ ಇಡೀ ಮ್ಯೂಸಿಯಂ! ಬಾಣದ ಗುರುತು ಒತ್ತಿದರೆ ಕೋಣೆಯಿಂದ ಕೋಣೆಗೆ ಹೋಗಬಹುದು. ಪ್ರತಿ ವಸ್ತುವಿನ ಮುಂದೆಯೂ ಯಾರೋ ಮಹಾನುಭಾವ ಉಸಿರು ಬಿಡದೆ ವಿವರಣೆ ಕೊಡುತ್ತಿದ್ದ. ನನಗೆ ಅದೆಲ್ಲ ಬಾಯಿಪಾಠ.

ಒಂದು ದಿನ ಮೇಡಂ ಪರದೆಗೆ ಬಟ್ಟೆ ಹೊದಿಸಿ, "ಮೊದಲ್ನೇ ಕೋಣೇಲಿರೋ ಮಣ್ಣಿನ ಮಡಕೆ ಯಾವ ಬಣ್ಣ ಹೇಳೇ?" ಎಂದರು. ನಾನು ಅದರ ಕಾಲ, ಊರು, ಎತ್ತರ ಎಲ್ಲ ಒದರಿದೆ. ಬಣ್ಣ ಮಾತ್ರ ಗೊತ್ತಿರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಹೆಡ್‌ಮಾಸ್ಟರು, "ಇಷ್ಟೇನಾ ಕಲ್ತಿದ್ದು? ಸೋಮವಾರ ಬತ್ತೀನಿ. ಆಗ್ಲೂ ಹಿಂಗೇ ಆದ್ರೆ ಕಂಪ್ಯೂಟರ್ ಆಫೀಸಿಗೆ ಸಾಗ್ಸಿ ಮೇಡಂ" ಎಂದು ಹೋದರು. ನನಗೆ ಅಳುವೇ ಬಂತು.

ಮೇಡಂ ಸಿ.ಡಿ.ಯ ದನಿ ಅಡಗಿಸಿ, ಮನೆಯಲ್ಲಿ ಕ್ಯಾಸೆಟ್ಟಿಗೆ ತಮ್ಮದೇ ದನಿ ತುಂಬಿಸಿ ತಂದರು. ಅದರಲ್ಲಿ ಮಾತು ಕಡಿಮೆ. "ಮಡಕೆ ಕಂಠ ನೋಡ್ರೋ. ಮಾಡ್ದೋರು ಏನೋ ಬಿಟ್ಟೋಗವ್ರೆ. ನಾನೀಗ ಸುಮ್ನಿರ್ತೀನಿ." ಆಮೇಲೆ ಬರೀ ಮೌನ. ಮೌನ ಎಲ್ಲಿಂದ ಬಂತು, ಗಡಗಡ ಎಂದು ಕಾಯಿ ಸದ್ದು! ಅಟ್ಟದಲ್ಲಿ ಕೂತು ಮಾತಾಡಿದ್ದ ಮಹಾತಾಯಿ, ಕೈ ಸುಮ್ಮನಿರದೆ ಕಾಯಿ ಅಲ್ಲಾಡಿಸಿದ್ದರು. ನಾವು ಬಿದ್ದು ಬಿದ್ದು ನಕ್ಕೆವು, ಆಮೇಲೆ ನೋಡಿದೆವು.

ಸೋಮವಾರ ಹೆಡ್‌ಮಾಸ್ಟರು ನನ್ನನ್ನೇ ಎಬ್ಬಿಸಿದರು.

"ಕೆಂಪು ಮಡಕೆ ಸಾರ್. ಕಂಠದ ಹತ್ರ ಹೆಬ್ಬೆಟ್ಟಿನ ಗುರ್ತು ಐತೆ. ಚಿಕ್ಕದು. ಯಾವ್ದೋ ಮಗು ಒತ್ತಿರ್ಬೇಕು."

ಅವರು ಕನ್ನಡಕ ಏರಿಸಿ, ಮೂಗು ತಾಗುವಷ್ಟು ಪರದೆಗೆ ಬಗ್ಗಿದರು. "ಹೌದಲ್ರೀ ಮೇಡಂ, ನಾನೂ ನೋಡಿರ್ಲಿಲ್ಲ" ಎಂದರು. ಕಂಪ್ಯೂಟರ್ ನಮ್ಮಲ್ಲೇ ಉಳಿಯಿತು.

"ಎಲ್ಲಾ ನಾನೇ ಹೇಳ್ಬುಟ್ರೆ ನಿನ್ ಕಣ್ಣಿಗೇನೇ ಕೆಲ್ಸ?" ಎಂದು ಅವತ್ತು ಮೇಡಂ ನನ್ನ ಕೆನ್ನೆ ಹಿಂಡಿದ್ದರು. ನೋಡುವುದನ್ನು ನಾನು ಕಲಿತದ್ದು ಅವರಿಂದ.

ಅವರು ತೀರಿಹೋಗಿ ಬಹಳ ವರ್ಷವಾಯಿತು. ಈಗ ನಾನೂ ಮೇಡಂ, ಬಾಯಿ ಸ್ವಲ್ಪ ಜಾಸ್ತಿಯೇ. ನನ್ನ ಮಾತು ನನಗೇ ಅತಿ ಅನ್ನಿಸಿದ ದಿನ ತರಗತಿಯಲ್ಲಿ ಪರದೆಯ ಮೇಲೆ ಅದೇ ಮಡಕೆ ತೋರಿಸಿ, ಆ ಕ್ಯಾಸೆಟ್ ಹಾಕುತ್ತೇನೆ. "ನಾನೀಗ ಸುಮ್ನಿರ್ತೀನಿ" ಅನ್ನುತ್ತಾರೆ. ಕಾಯಿ ಗಡಗಡ ಅನ್ನುತ್ತದೆ. ಮಕ್ಕಳು ನಗುತ್ತವೆ, ಆಮೇಲೆ ಒಂದೊಂದಾಗಿ ಪರದೆಯ ಕಡೆಗೆ ಬಗ್ಗುತ್ತವೆ.