ರೊಟ್ಟಿ ಸುಟ್ಟ ಹಂಚಿನ ಮೇಲೆ ದೋಸೆ

ಒಂದೂಕಾಲು ರೂಪಾಯಿ. ಶಿಕಾರಿಪುರದ ಪೇಟೆಯಲ್ಲಿ ಆ ಹಳೇ ಹಂಚಿಗೆ ನಾನು ಕೊಟ್ಟಿದ್ದು ಇಷ್ಟೇ. ಹೊಸದಕ್ಕೆ ಅಂಗಡಿಯವನು ಮೂರೂವರೆ ಹೇಳಿದ್ದ. ನಯಾಪೈಸೆ ಆಗಷ್ಟೇ ಬಂದಿತ್ತು. ಆಣೆಯನ್ನು ಪೈಸೆಗೆ ತಿರುಗಿಸುವಾಗ ಅವನು ತಡವರಿಸುತ್ತಿದ್ದ. ಆ ತಡವರಿಕೆಯನ್ನೂ ನಾನು ಬಿಡಲಿಲ್ಲ. ಗೋಣಿಚೀಲ ಹೊತ್ತು ಮಾರಿ ಮೇಲೆ ಬಂದವನು ನಾನು. ಹೇಳಿದ ಬೆಲೆ ಕೊಟ್ಟ ದಿನ ಊಟ ಸೇರುತ್ತಿರಲಿಲ್ಲ.

ಹಂಚು ಬೇಕಾಗಿದ್ದು ತಂಗಿಗೆ. ಅವಳನ್ನು ಸೊರಬದ ಕಡೆ, ಉಳವಿ ಹತ್ತಿರದ ಹಳ್ಳಿಗೆ ಕೊಟ್ಟಿದ್ದೆವು. ನಮ್ಮದು ರೊಟ್ಟಿ ಮನೆ, ಇದ್ದಿದ್ದು ಒಂದೇ ಹಂಚು. ಅವರಲ್ಲಿ ಬೆಳಗಾದರೆ ದೋಸೆ. ಅದಕ್ಕೇ ಬೇರೆ ಕಾವಲಿ, ಬೇರೇನೂ ಸೋಕಬಾರದು. ಹೋದ ಹೊಸತರಲ್ಲಿ ಇವಳು ಆ ಕಾವಲಿ ಮೇಲೆ ನೀರು ಸವರಿ ರೊಟ್ಟಿ ಸುಟ್ಟಳು. ವರ್ಷಗಟ್ಟಲೆ ಎಣ್ಣೆ ಕುಡಿದು ನುಣ್ಣಗಾಗಿದ್ದ ಕಬ್ಬಿಣ ಬರಡಾಯಿತು. ಮಾರನೇ ದಿನ ದೋಸೆ ಏಳಲಿಲ್ಲ. "ಬೇರೆ ಕಾವಲಿ ತಗೊಂಡು, ದೋಸೆ ಕಲ್ತು ಬರ್ಲಿ" ಅಂತ ಅತ್ತೆ ತವರಿಗೆ ಕಳಿಸಿದರು.

ಐದು ತಿಂಗಳಾಯಿತು, ಕರೆ ಬರಲಿಲ್ಲ. ನಾನೇ ಹೋಗಿ ಮಾತು ಮುಗಿಸಿ ಬಂದೆ: ಸೋಮವಾರ ಇವಳು ಮನೆಮಂದಿಗೆಲ್ಲ ದೋಸೆ ಹುಯ್ದು ಬಡಿಸುವುದು, ಒಪ್ಪಿಗೆಯಾದರೆ ಅಲ್ಲೇ ಉಳಿಯುವುದು.

ಭಾನುವಾರ ಹಂಚು ತಂದುಕೊಟ್ಟೆ. ತಂಗಿ ಅದರ ಮೇಲೆ ಬೆರಳಾಡಿಸಿದಳು.

"ಅಣ್ಣಾ, ಇದು ರೊಟ್ಟಿ ಹಂಚು. ಕಣ್ಣಿಗಷ್ಟೇ ಕರಿ ಐತಿ. ಮೂರು ದಿನ ಕೊಡು, ಎಣ್ಣೆ ಹಚ್ಚಿ ಪಳಗಿಸ್ತೀನಿ."

"ನಾಳೆ ಅಂತ ಮಾತು ಕೊಟ್ಟೀನಲ್ಲ. ಎಣ್ಣೆ ಜಾಸ್ತಿ ಹಾಕು, ಎದ್ದು ಬರ್ತೈತಿ."

"ಚೀಲ ಮಾರೋನಿಗೆ ಏನು ಗೊತ್ತು" ಅಂದಳು. ಅಂದು, ಅಕ್ಕಿ ನೆನೆಹಾಕಿದಳು.

ರುಬ್ಬಿದ ಹಿಟ್ಟನ್ನು ಬಸ್ಸಿನಲ್ಲಿ ಮಡಿಲಲ್ಲೇ ಇಟ್ಟುಕೊಂಡು ಬಂದಳು. ಹಿಟ್ಟು ಉಕ್ಕಿ ಸೀರೆಗೆಲ್ಲ ಆಯಿತು. ಅಲ್ಲಿ ಕಾಯಿಚಟ್ನಿ ಅರೆದಳು, ಬೆಣ್ಣೆ, ಜೋನಿಬೆಲ್ಲ ಎಲೆಎಲೆಗೂ ಬಡಿಸಿದಳು. ಆಮೇಲೆ ಹುಯ್ದ ಮೊದಲ ದೋಸೆ ಹಂಚಿಗೆ ಹಿಡಿದುಕೊಂಡಿತು. ಎರಡನೆಯದು ಹರಿಯಿತು. ಮೂರನೆಯದನ್ನು ಕೆರೆದೇ ತೆಗೆಯಬೇಕಾಯಿತು.

"ಏನ್ರೀ ವ್ಯಾಪಾರಸ್ಥರೇ," ಅತ್ತೆ ನನ್ನ ಕಡೆ ತಿರುಗಿದರು, "ಚೀಲದ ಜೊತೆ ಪುಕ್ಕಟೆ ಬಂದ ಕಾವಲಿಯಾ ಇದು?"

ಮಾವ ಎಲೆ ಬಳಿಯುತ್ತ ಮೆಲ್ಲಗೆ, "ಚಟ್ನಿ ಚೆನ್ನಾಗಾಗಿದೆ" ಅಂದರು.

"ಚಟ್ನಿ ಅರೆಯಕ್ಕೆ ನಾನೇ ಇದೀನಿ. ಸೊಸೆ ಯಾಕೆ?"

ತಂಗಿಯ ಗಂಡ ಬೆಲ್ಲದಲ್ಲಿ ಬೆರಳದ್ದಿ ನೆಕ್ಕಿದ, ಎದ್ದು ಕೈ ತೊಳೆದ. ಅವಳ ಕಡೆ ನೋಡಲಿಲ್ಲ. ಅವಳು ಹಿಟ್ಟು ಮುಗಿಯುವವರೆಗೂ ಹುಯ್ಯುತ್ತಲೇ ಇದ್ದಳು. ಸಾಕು ಬಾರೆ ಅಂದೆ, ಕೇಳಲಿಲ್ಲ. ಮಧ್ಯಾಹ್ನದ ಬಸ್ಸಿಗೆ ನನ್ನ ಜೊತೆಗೇ ವಾಪಸು ಬಂದಳು.

ಮನೆಯಲ್ಲಿ ಮೂರು ದಿನ ಆ ಹಂಚಿಗೆ ಎಣ್ಣೆ ತಿಕ್ಕಿದಳು. ನಾಲ್ಕನೇ ದಿನ ದೋಸೆ ಎಲೆಯ ಹಾಗೆ ಎದ್ದು ಬಂತು. "ಈಗ ಹೋಗೋಣೇನಣ್ಣ?" ಅಂತ ಕೇಳಿದಳು.

ನಾನೊಬ್ಬನೇ ಹೋದೆ. ಅತ್ತೆ ಬಾಗಿಲಲ್ಲೇ ನಿಂತು ಹೇಳಿದರು: "ಸೋಮವಾರ ಅಂದಿದ್ದು ನೀವೇ ಅಲ್ವಾ? ಮಾತು ಮುಗೀತು."

ಮರುವರ್ಷ ತಂಗಿಯ ಗಂಡ ಬೇರೆ ಮದುವೆಯಾದ. ತಂಗಿ ಕೊನೆಯವರೆಗೂ ನಮ್ಮಲ್ಲೇ ಇದ್ದಳು. ಅವಳ ದೋಸೆ ತಿಂದವರೆಲ್ಲ ಹೊಗಳಿದರು. ಅವಳು ಒಮ್ಮೆಯೂ ನಕ್ಕಿದ್ದು ಕಾಣೆ.

ಹಂಚು ಕೊಳ್ಳುವವರಿಗೆ ಹೇಳುತ್ತೇನೆ, ಕರಿ ಬಣ್ಣ ನಂಬಬೇಡಿ. ಒಂದು ಹನಿ ಎಣ್ಣೆ ಹಾಕಿ ಬೆರಳಲ್ಲಿ ತಿಕ್ಕಿ. ತರಿ ಸಿಕ್ಕರೆ ರೊಟ್ಟಿಯದು. ತಂದ ಮೇಲೆ ಎಣ್ಣೆ ಹಚ್ಚಿ ಸಣ್ಣ ಉರಿಯಲ್ಲಿ ಕಾಯಿಸಿ, ಅರ್ಧ ಈರುಳ್ಳಿಯಿಂದ ತಿಕ್ಕಿ, ಮೂರು ದಿನ ಹೀಗೇ ಮಾಡಿ. ಒಲೆ ಮುಂದೆ ಕೂರುವವಳು ಇನ್ನೂ ನಾಲ್ಕು ದಿನ ಬೇಕು ಅಂದರೆ, ಬೀಗರ ಮನೆಗೆ ನೀವೇ ಹೋಗಿ ಕೈಮುಗಿದು ವಾಯಿದೆ ಕೇಳಿ ಬನ್ನಿ. ಬಸ್‌ಚಾರ್ಜು ಹೋದರೆ ಹೋಗಲಿ.