ಹಲಸಿನ ಚಕ್ಕೆಯ ಎರಡು ಗೆರೆ

ಹೋದ ವರ್ಷ ದೀಪಾವಳಿ ಕಳೆದ ಮೇಲಿನ ಭಾನುವಾರ. ನಮ್ಮ ಯಜಮಾನರು ತೀರಿಕೊಂಡು ಆಗ ಏಳು ತಿಂಗಳಾಗಿತ್ತು. ಶಿವಮೊಗ್ಗದಲ್ಲಿ ಹೆಸರಾಂತ ಚಿತ್ರಕಾರರೊಬ್ಬರ ಚಿತ್ರಗಳ ಪ್ರದರ್ಶನ ನಡೆಯುತ್ತಿತ್ತು. ಅಂದು ಅದರ ಕೊನೆಯ ದಿನ. ನಾನು ಭದ್ರಾವತಿಯಿಂದ ಬೆಳಗ್ಗೆಯೇ ಬಸ್ಸು ಹತ್ತಿ ವಿನೋಬನಗರದ ನಾದಿನಿ ಮಂಗಳಳ ಮನೆಗೆ ಹೋದೆ.

"ಅತ್ತಿಗೆ, ಅಣ್ಣನ ವರ್ಷದ ತಿಥಿ ಕೂಡ ಆಗಿಲ್ಲ. ಎಕ್ಸಿಬಿಷನ್ ನೋಡಕ್ಕೆ ಹೋದ್ರೆ ಜನ ಏನಂತಾರೆ?" ಎಂದಳು.

"ಏನಾದ್ರೂ ಅನ್ಲಿ. ನೀನು ಬರದಿದ್ರೆ ನಾನೊಬ್ಳೇ ಹೋಗ್ತೀನಿ."

ನಾನು ಹಾಗೆ ಮಾತನಾಡುವವಳಲ್ಲ. ಅವಳು ನನ್ನ ಮುಖ ನೋಡಿ, ಸೀರೆ ಬದಲಾಯಿಸಿಕೊಂಡು ಬಂದಳು.

ನನಗೆ ಚಿತ್ರಕಲೆ ಗೊತ್ತಿಲ್ಲ. ನಾನು ಹೊರಟಿದ್ದು ಫ್ರೇಮ್ ನೋಡಲು. ಭದ್ರಾವತಿಯ ಓಲ್ಡ್ ಟೌನಿನಲ್ಲಿ ನಮ್ಮದು ಫ್ರೇಮ್ ಹಾಕುವ ಅಂಗಡಿ. ದೇವರ ಪಟ, ಮದುವೆ ಫೋಟೋ, ತೀರಿಕೊಂಡವರ ಫೋಟೋ ಎಲ್ಲಕ್ಕೂ ಯಜಮಾನರು ತೇಗದ ಪಟ್ಟಿಯಲ್ಲಿ ಫ್ರೇಮ್ ಮಾಡುತ್ತಿದ್ದರು. ಮೂಲೆಗಳಿಗೆ ಮೊಳೆ ಹೊಡೆಯುತ್ತಿರಲಿಲ್ಲ. ಎರಡು ಪಟ್ಟಿ ಕೂಡುವಲ್ಲಿ ಗರಗಸದಿಂದ ಎರಡು ಸೀಳು ಹಾಕಿ, ಅವುಗಳಲ್ಲಿ ಹಲಸಿನ ಮರದ ತೆಳ್ಳಗಿನ ಚಕ್ಕೆ ಕೂರಿಸುತ್ತಿದ್ದರು. "ಮೊಳೆ ತುಕ್ಕು ಹಿಡಿಯುತ್ತೆ ಮಾರಾಯ್ತಿ, ಇದಕ್ಕೇನೂ ಆಗಲ್ಲ" ಎನ್ನುತ್ತಿದ್ದರು. ಕೆಳಗಿನಿಂದ ನೋಡಿದರೆ ಮೂಲೆಯಲ್ಲಿ ಎರಡು ಹಳದಿ ಗೆರೆ ಕಾಣುತ್ತಿತ್ತು. ಅಂಟು ಹಿಡಿಯುವವರೆಗೆ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದುಕೊಳ್ಳುವುದು ನನ್ನ ಕೆಲಸ.

ಆ ಚಿತ್ರಕಾರರು ಹೆಸರು ಮಾಡುವ ಮುಂಚೆ ಕೆಲವು ಚಿತ್ರಗಳಿಗೆ ನಮ್ಮಲ್ಲೇ ಫ್ರೇಮ್ ಹಾಕಿಸಿದ್ದರಂತೆ. ಅದು ನನ್ನ ಮದುವೆಗಿಂತ ಹಿಂದಿನ ಮಾತು. ಆಮೇಲೆ ರೆಡಿಮೇಡ್ ಫ್ರೇಮುಗಳು ಬಂದವು. ನಮ್ಮ ಫ್ರೇಮಿಗಾಗಿ ಮೂರು ದಿನ ಕಾಯುವವರು ಯಾರೂ ಇರಲಿಲ್ಲ. ಯಜಮಾನರು ಒಡೆದ ಗಾಜು ಬದಲಾಯಿಸಿಕೊಡುತ್ತಾ ಕೊನೆಯ ವರ್ಷಗಳನ್ನು ಕಳೆದರು. ಅವರು ಹೋದಾಗ, ಹನ್ನೊಂದನೇ ದಿನದ ತರಾತುರಿಯಲ್ಲಿ, ಯಾರೋ ಶಿವಮೊಗ್ಗದ ಗಾಂಧಿ ಬಜಾರಿನಿಂದ ಅವರ ಫೋಟೋಕ್ಕೆ ಪ್ಲಾಸ್ಟಿಕ್ ಫ್ರೇಮ್ ಹಾಕಿಸಿಕೊಂಡು ಬಂದರು. ದಿನಾ ದೀಪ ಹಚ್ಚುವಾಗ ಆ ಫ್ರೇಮ್ ಕಂಡು ನನಗೆ ನಾಚಿಕೆಯಾಗುತ್ತಿತ್ತು. ಅವರು ಮಾಡಿದ್ದೊಂದೂ ನಮ್ಮ ಮನೆಯಲ್ಲಿ ಉಳಿದಿರಲಿಲ್ಲ. ಬೀದಿಯ ಮನೆಗಳಲ್ಲಿ ವಿಚಾರಿಸಿದೆ. ಕೆಲವಕ್ಕೆ ಗೆದ್ದಲು ಹಿಡಿದಿತ್ತು, ಕೆಲವನ್ನು ಮನೆ ಖಾಲಿ ಮಾಡುವಾಗ ಎಸೆದಿದ್ದರು. ಅವರ ಕೈಕೆಲಸ ಒಂದಾದರೂ ಎಲ್ಲಾದರೂ ಗೋಡೆಯ ಮೇಲಿದೆಯೇ ಎಂದು ನಾನು ಕಣ್ಣಾರೆ ನೋಡಬೇಕಿತ್ತು.

ಪ್ರದರ್ಶನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಾಲು ರಸ್ತೆಯವರೆಗೆ ಬಂದಿತ್ತು. ಒಳಗೆ ಚಿತ್ರಗಳ ಮುಂದೆ ಹಗ್ಗ ಕಟ್ಟಿದ್ದರು. ಸೆಲ್ಫಿ ತೆಗೆಯುವವರು, ಮಕ್ಕಳನ್ನು ಎತ್ತಿಕೊಂಡವರು. ಸೆಕ್ಯುರಿಟಿಯವನು "ನಡೀರಿ, ನಿಲ್ಬೇಡಿ, ನಡೀರಿ" ಎನ್ನುತ್ತಲೇ ಇದ್ದ. ಎಲ್ಲಿ ನೋಡಿದರೂ ಹೊಸ ಕಪ್ಪು ಫ್ರೇಮುಗಳು. ಬಾಗಿಲ ಹತ್ತಿರದ ಹಳೆಯ ಚಿತ್ರಗಳ ಮುಂದೆ ಬರುವಷ್ಟರಲ್ಲಿ ಹಿಂದಿನವರು ತಳ್ಳಿ, ನಾವಿಬ್ಬರೂ ಹೊರಗೆ ಬಂದುಬಿಟ್ಟಿದ್ದೆವು.

"ಆಯ್ತಲ್ಲ ಅತ್ತಿಗೆ, ಹೊಸ ಫ್ರೇಮ್ ಹಾಕ್ಸಿದಾರೆ. ಬನ್ನಿ, ಊಟ ಮಾಡೋಣ."

"ಇನ್ನೊಂದ್ಸಲ ಹೋಗ್ತೀನಿ."

"ಈ ಬಿಸಿಲಲ್ಲಿ ಮತ್ತೆ ಆ ಸಾಲಾ? ನಿಮ್ಗೇನಾಗಿದೆ?"

ನಾನು ಹೋಗಿ ಸಾಲಿನ ಕೊನೆಯಲ್ಲಿ ನಿಂತೆ. ಗೊಣಗುತ್ತಲೇ ಅವಳೂ ಬಂದಳು.

ಈ ಸಲ ಚಿತ್ರಗಳ ಕಡೆ ಕಣ್ಣೆತ್ತಲಿಲ್ಲ. ಪ್ರತಿ ಫ್ರೇಮಿನ ಕೆಳಗೂ ಬಗ್ಗಿ ಮೂಲೆ ನೋಡುತ್ತಾ ಹೋದೆ. ಬಾಗಿಲ ಹತ್ತಿರ ಬೆಳಕು ಕಡಿಮೆಯಿತ್ತು. ಅಲ್ಲಿ ಬಗ್ಗಿದಾಗ ಸೆಕ್ಯುರಿಟಿಯವನು ಬಂದ.

"ಏನಮ್ಮಾ, ಎಲ್ಲಾರೂ ಮೇಲೆ ನೋಡ್ತಾರೆ, ನೀವು ಕೆಳಗೇನ್ ಹುಡುಕ್ತೀರಿ? ಏನಾದ್ರೂ ಬಿತ್ತಾ?"

ನಾನು ಬಾಯಿ ತೆರೆಯುವ ಮೊದಲೇ ಹಿಂದಿನ ಹೆಂಗಸು, "ಓಲೆ ಇರ್ಬೇಕು, ಪಾಪ!" ಎಂದಳು. ಅಷ್ಟೇ ಸಾಕಾಯಿತು.

"ಓಲೆ ಬಿದ್ದಿದೆಯಂತೆ, ಯಾರೂ ಕಾಲೆತ್ಬೇಡಿ!"

"ಎಷ್ಟ್ ಗ್ರಾಮಮ್ಮ?"

"ಗ್ರಾಮ್ ಆಮೇಲೆ ಕೇಳೋ ಮಾರಾಯ, ಮೊದ್ಲು ಟಾರ್ಚ್ ಬಿಡು!"

ಹತ್ತಾರು ಮೊಬೈಲುಗಳ ಬೆಳಕು ನೆಲಕ್ಕೆ ಬಿತ್ತು. ಸೆಕ್ಯುರಿಟಿಯವನೂ ಕುಕ್ಕರಗಾಲಿನಲ್ಲಿ ಕೂತ. ಮಂಗಳ ನಿಜ ಹೇಳಲು ಹೊರಟಳು. ನಾನು ಅವಳ ಕೈ ಅದುಮಿದೆ. ಅಷ್ಟು ಹೊತ್ತಿಗೆ ಮೊದಲ ಬಾರಿ ಸಾಲು ನಿಂತಿತ್ತು, ನನ್ನನ್ನು ಯಾರೂ ತಳ್ಳುತ್ತಿರಲಿಲ್ಲ. ತಪ್ಪು ಅಂತ ಗೊತ್ತಿತ್ತು. ಆದರೂ ಅವಳ ಕೈ ಬಿಡಲಿಲ್ಲ.

ಯಾರದೋ ಟಾರ್ಚು ಗೋಡೆಯತ್ತ ತಿರುಗಿತು. ನದಿ ದಂಡೆಯಲ್ಲಿ ಬಟ್ಟೆ ಒಣಹಾಕಿದ ಒಂದು ಸಣ್ಣ ಚಿತ್ರ. ಅದರ ಫ್ರೇಮ್ ಕಂದು ಬಣ್ಣದ್ದು. ಕೆಳಗಿನ ಮೂಲೆಯಲ್ಲಿ ಎರಡು ಹಳದಿ ಗೆರೆಗಳು.

"ಸಿಕ್ತು" ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು.

"ಸಿಕ್ತಂತೆ!" ಸಾಲಿನುದ್ದಕ್ಕೂ ಸುದ್ದಿ ಹೋಯಿತು. ಕೆಲವರು ಚಪ್ಪಾಳೆ ಹೊಡೆದರು. ಹಿಂದಿನ ಹೆಂಗಸು, "ಎಲ್ಲಿ, ತೋರ್ಸಿ. ಚಿನ್ನದ್ದಾ?" ಎಂದಳು.

ನಾನು ಮೂಲೆಯತ್ತ ಬೆರಳು ತೋರಿಸಿದೆ. "ಓಲೆ ಅಲ್ಲಮ್ಮ, ತಪ್ಪು ತಿಳ್ಕೋಬೇಡಿ. ಈ ಫ್ರೇಮ್ ನಮ್ಮನೆಯವ್ರು ಮಾಡಿದ್ದು. ಅವರೀಗಿಲ್ಲ."

ಬೈಯುತ್ತಾರೆ ಎಂದುಕೊಂಡಿದ್ದೆ. ಅವಳು ಟಾರ್ಚು ಆರಿಸದೆ, ಬೆಳಕನ್ನು ಆ ಮೂಲೆಗೇ ಹಿಡಿದು ನಿಂತಳು. ಸೆಕ್ಯುರಿಟಿಯವನು ಮಂಡಿ ಒರೆಸಿಕೊಂಡು ಎದ್ದು, ಹಗ್ಗದ ಕೊಂಡಿ ಬಿಚ್ಚಿದ. "ಚಿತ್ರ ಮುಟ್ಟಂಗಿಲ್ಲಮ್ಮ" ಎಂದ. ಫ್ರೇಮಿನ ವಿಷಯ ಏನೂ ಹೇಳಲಿಲ್ಲ.

ಆ ಮೂಲೆಗೆ ಹೆಬ್ಬೆರಳು ಒತ್ತಿದೆ. ಇಷ್ಟು ವರ್ಷಗಳಾದರೂ ಉಗುರು ತೂರುವಷ್ಟೂ ಸಂದಿ ಬಿಟ್ಟಿರಲಿಲ್ಲ. ಪಕ್ಕದಲ್ಲಿ ಮಂಗಳ "ಅಣ್ಣಂದೇ, ಅಣ್ಣಂದೇ" ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಾನು ಅಳಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಯಾರೋ "ಸಿಕ್ತಲ್ಲ, ಮುಂದೆ ಹೋಗ್ರೀ, ನಾವೂ ನೋಡ್ಬೇಕು" ಎಂದು ಕೂಗಿದರು. ಅದೂ ಸರಿಯೇ ಅನ್ನಿಸಿ ಹೊರಗೆ ಬಂದೆವು.

ಮರುದಿನ ನಮ್ಮ ಅಂಗಡಿಯ ಬಾಗಿಲು ತೆಗೆದೆ. ಅವರು ಕೊಯ್ದಿಟ್ಟಿದ್ದ ತೇಗದ ಪಟ್ಟಿಗಳು ಹಾಗೇ ಇದ್ದವು. ಒಂದು ಡಬ್ಬಿಯಲ್ಲಿ ಹಲಸಿನ ಚಕ್ಕೆಗಳೂ ಇದ್ದವು. ಗರಗಸ ಹಿಡಿದು ಗೊತ್ತಿಲ್ಲದ ನಾನು ಎರಡು ಪಟ್ಟಿ ಹಾಳು ಮಾಡಿದೆ. ನಾಲ್ಕನೇ ದಿನಕ್ಕೆ ಒಂದು ಫ್ರೇಮ್ ಆಯಿತು. ಪ್ಲಾಸ್ಟಿಕ್ಕಿನದನ್ನು ಬಿಚ್ಚಿ ಅವರ ಫೋಟೋವನ್ನು ಅದರಲ್ಲಿ ಕೂರಿಸಿದೆ.

ಬಲಗಡೆಯ ಮೂಲೆಯಲ್ಲಿ ಸ್ವಲ್ಪ ಸಂದಿ ಇದೆ. ಅವರಿದ್ದಿದ್ದರೆ ಬಿಚ್ಚಿಸಿ ಮತ್ತೆ ಮಾಡಿಸುತ್ತಿದ್ದರು. ನಾನು ಬಿಚ್ಚಿಲ್ಲ. ಮುಂದಿನದನ್ನು ಇದಕ್ಕಿಂತ ಚೆನ್ನಾಗಿ ಮಾಡುತ್ತೇನೆ. ಮಂಗಳ ತನ್ನ ಮನೆಗೂ ಇಂಥದೇ ಫ್ರೇಮಿನಲ್ಲಿ ಅಣ್ಣನ ಒಂದು ಫೋಟೋ ಬೇಕು ಎಂದಿದ್ದಾಳೆ. ಮೂರು ದಿನ ಕಾಯಬೇಕು ಎಂದು ಹೇಳಿದ್ದೇನೆ.